ಬೆಳಕು ಹಿಂದೆ ಉಂಟು

ಕಳೆದ ವಾರ ಚಿಕ್ಕಮ್ಮನ ಮನೆಗೆ ಹೋಗುವಾಗ ವಾಮದಪದವಿನಲ್ಲಿ ಬಸ್ಸು ಬದಲಿಸಬೇಕಾಯಿತು. ಇಳಿದ ಕೂಡಲೇ ಮೂಗಿಗೆ ಬಡಿದದ್ದು ಗೇರುಹಣ್ಣಿನ ವಾಸನೆ. ಬಿಸಿಲಿಗೆ ಹುಳಿಯಾಗಿ, ಜನರ ಚಪ್ಪಲಿಯಡಿ ಅಪ್ಪಚ್ಚಿಯಾಗಿ, ಟಾರಿಗೆ ಅಂಟಿಕೊಂಡ ಹಣ್ಣುಗಳ ವಾಸನೆ ಅದು. ನನ್ನ ಕೈ ತಾನಾಗಿ ಶಾಲನ್ನು ಮುಖದ ಮೇಲೆ ಎಳೆದುಕೊಂಡಿತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಆದರೂ ಕಿವಿಯೊಳಗೆ ಒಂದು ಸ್ಕೂಟರಿನ ಬೀಗದ ಕೈ ಗಲಗಲ ಅಂದಿತು.

ಆ ಸದ್ದು ಮೊದಲು ಕೇಳಿದ ವರ್ಷದ ಪಗ್ಗು ಮತ್ತು ಬೇಶ ತಿಂಗಳುಗಳಲ್ಲಿ, ಅಂದರೆ ಯುಗಾದಿ ಕಳೆದು ಮಳೆ ಬೀಳುವವರೆಗಿನ ಮದುವೆಯ ಸೀಸನ್ನಿನಲ್ಲಿ, ನಾನು ಸಮೀರನ ಜೊತೆ ಕೆಲಸ ಮಾಡುತ್ತಿದ್ದೆ. ಮೂಡುಬಿದಿರೆಯಲ್ಲಿ ಪತ್ರಿಕೋದ್ಯಮ ಓದಿ ಮುಗಿಸಿದವಳಿಗೆ ಪತ್ರಿಕೆಯಲ್ಲಿ ಕೆಲಸ ಸಿಗಲಿಲ್ಲ, ಮದುವೆಯಲ್ಲಿ ಸಿಕ್ಕಿತು. ಸಮೀರ್ ಕ್ಯಾಮೆರಾ ಹಿಡಿಯುತ್ತಿದ್ದ. ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಅದನ್ನು ಗಲ್ಫಿನಲ್ಲಿರುವ ನೆಂಟರಿಗೆ ಲೈವ್ ಕಳಿಸುತ್ತಿದ್ದೆ. ಇಲ್ಲಿ ಧಾರೆ ನಡೆಯುವಾಗ ಅಲ್ಲಿ ದುಬೈಯಲ್ಲಿ, ಮಸ್ಕತ್ತಿನಲ್ಲಿ ಕುಳಿತವರು ಕೆಳಗೆ ಬರೆಯುತ್ತಿದ್ದರು: 'ಸೌಂಡ್ ಇಲ್ಲ', 'ಅಜ್ಜಿಯನ್ನು ತೋರಿಸಿ', 'ಸಾಕು ಮಾರಾಯ್ರೆ ಭಟ್ರ ಬೆನ್ನು, ಊಟಕ್ಕೆ ಏನು ಉಂಟು ನೋಡುವ'. ಸಮೀರನಿಗೆ ಓದಿ ಹೇಳುತ್ತಿದ್ದೆ. ಅವನು ನಗು ತಡೆದುಕೊಂಡು ಕ್ಯಾಮೆರಾವನ್ನು ಪಾಯಸದ ಕಡಾಯಿಯ ಕಡೆ ತಿರುಗಿಸುತ್ತಿದ್ದ.

ಸಮೀರ್ ಬಂಟ್ವಾಳದ ಬ್ಯಾರಿ ಮುಸ್ಲಿಮರ ಮನೆಯವನು. ಹುಟ್ಟುವಾಗ ಹೆಣ್ಣುಮಗು ಎಂದು ಬರೆಸಿದ್ದರು, ಹೆಸರೂ ಬೇರೆ ಇತ್ತು. ಆ ಹೆಸರನ್ನು ಆಮೇಲೆ ಊರಿಡೀ ಅಚ್ಚು ಹಾಕಿತು, ನಾನು ಹಾಕುವುದಿಲ್ಲ. ಕಾಲೇಜಿನ ಎರಡನೇ ವರ್ಷ ಕೂದಲು ಕತ್ತರಿಸಿಕೊಂಡು ಬಂದವನು ಕ್ಯಾಂಟೀನಿನಲ್ಲಿ ನನ್ನೆದುರು ಕುಳಿತು, "ಹರಿಣಾಕ್ಷೀ, ಇವತ್ತಿಂದ ನಾನು ಸಮೀರ್. ನಗ್ಬೇಡ" ಅಂದಿದ್ದ. ನಾನು ನಕ್ಕಿರಲಿಲ್ಲ. "ಬನ್ಸ್ ತಿನ್ತೀಯಾ ಸಮೀರ್?" ಎಂದು ಕೇಳಿದ್ದೆ. ಆಮೇಲೆ ಅವನು ನನಗೆ ಬೇರೆ ಯಾರೂ ಆಗಿರಲಿಲ್ಲ.

ಕೆಲಸದ ವಿಷಯ ಮಾತ್ರ ಅಷ್ಟು ಸಲೀಸಾಗಿರಲಿಲ್ಲ. ಬ್ಯಾರಿ ಮದುವೆಗಳಲ್ಲಿ ಹೆಂಗಸರ ಕಡೆ ಚಿತ್ರ ತೆಗೆಯಲು ಹೆಂಗಸೇ ಬೇಕು. ಅಂಥವರು ನಮ್ಮ ಕಡೆ ಕಡಿಮೆ. ಸಮೀರನ ಉಮ್ಮನ, ಅಂದರೆ ತಾಯಿಯ, ಪರಿಚಯದ ಮನೆಗಳವರು ಅವನನ್ನು ಹಳೆಯ ಹೆಸರಿನಿಂದಲೇ ಕರೆಸುತ್ತಿದ್ದರು. ಅಲ್ಲಿಗೆ ಹೋಗುವಾಗ ಚೀಲದಿಂದ ಬುರ್ಖಾ ತೆಗೆದು ಹಾಕಿಕೊಳ್ಳುತ್ತಿದ್ದ. ಹಿಂದೂ ಮದುವೆಗಳಲ್ಲಿ ಪ್ಯಾಂಟು, ಶರ್ಟು, ಸಮೀರ್. ವಾರಕ್ಕೆ ಎರಡೆರಡು ಸಲ ಬಟ್ಟೆಯ ಜೊತೆ ತನ್ನನ್ನೂ ಮಡಚಿ ಇಡುವುದು ಅವನಿಗೆ ಸಾಕಾಗಿ ಹೋಗಿತ್ತು. ಆ ಕೋಣೆಗಳಿಗೆ ಹೋಗುವುದು ಸರಿಯಲ್ಲ ಎಂದೂ ಅವನಿಗೆ ಅನ್ನಿಸುತ್ತಿತ್ತು. ಹಾಗಾಗಿ ಅಲ್ಲಿ ಮುಖಗಳಿಗಿಂತ ಕೈಗಳನ್ನೇ ತೆಗೆಯುತ್ತಿದ್ದ: ಮದರಂಗಿಯ ಕೈ, ಬಳೆಯ ಕೈ, ಹಾಲಿನ ಲೋಟ ಹಿಡಿದ ಕೈ. ಜನ ಅದನ್ನೇ ಮೆಚ್ಚಿಕೊಂಡರು.

"ಇದೊಂದು ಸೀಸನ್. ಮುಂದಿನ ವರ್ಷ ಹೆಂಗಸರ ಕಡೆಯ ಕೆಲಸ ಬಿಟ್ಟುಬಿಡುವ. ಬೋರ್ಡು ಹಾಕುವ, ಸಮೀರ್ ಸ್ಟುಡಿಯೋ ಅಂತ. ಮೂಡುಬಿದಿರೆಯಲ್ಲಿ ಆ ಹೆಸರು ಓದಿ ಯಾರೂ ಹಿಂದೆ ತಿರುಗಿ ನೋಡುವುದಿಲ್ಲ" ಎನ್ನುತ್ತಿದ್ದ. ಆ ಬೋರ್ಡು ಅವನಿಗೆ ಎಷ್ಟು ಬೇಕಿತ್ತೆಂದರೆ, ಬಸ್ಸಿನಲ್ಲಿ ಹೋಗುವಾಗ ದಾರಿಬದಿಯ ಬೋರ್ಡುಗಳ ಅಕ್ಷರಗಳಿಗೆಲ್ಲ ಹೆಸರಿಡುತ್ತಿದ್ದ: ಇದು ಹೊಟ್ಟೆ ದೊಡ್ಡದು, ಇದು ಬಿದ್ದುಹೋಗುವಂಥದ್ದು, ಇದು ನಮ್ಮದು.

ಕೆಲಸದಲ್ಲಿ ಭಾರೀ ಕಟ್ಟುನಿಟ್ಟು. ಯಾರೇ ಎಲ್ಲಿ ನಿಂತರೂ, "ಬೆಳಕು ಹಿಂದೆ ಉಂಟು, ಈಚೆ ಬನ್ನಿ" ಎಂದು, ಮುಖ ಕಪ್ಪಾಗದ ಹಾಗೆ ಸರಿಸುವವನು. ಮದುಮಗನ ಮಾವನನ್ನೂ ಬಿಡುತ್ತಿರಲಿಲ್ಲ. "ಫ್ರೇಮಿನ ಒಳಗೆ ಯಾರು ಬೇಕು ಅಂತ ಎಲ್ಲರಿಗೂ ಗೊತ್ತುಂಟು. ಯಾರು ಬೇಡ ಅಂತ ಗೊತ್ತಿರುವವನೇ ಕ್ಯಾಮೆರಾಮ್ಯಾನ್" ಎಂದು ಒಮ್ಮೆ ಹೇಳಿದ್ದ. ನಾನು ಅದನ್ನು ಕಸುಬಿನ ಮಾತೆಂದು ಕೇಳಿಸಿಕೊಂಡಿದ್ದೆ.

ಆ ದಿನ ಸಿದ್ಧಕಟ್ಟೆಯಲ್ಲಿ ಬೆಳಗಿನ ಮುಹೂರ್ತ. ಸಂಜೆ ಬೆಳ್ತಂಗಡಿಯ ಹತ್ತಿರ ಒಂದು ಮನೆಯಲ್ಲಿ ಮದರಂಗಿ. ಊಟ ಮುಗಿಸಿ ಒಳದಾರಿಯಲ್ಲಿ ಸ್ಕೂಟರ್ ಓಡಿಸಿಕೊಂಡು ವಾಮದಪದವಿಗೆ ಬರುವಾಗ ಬಿಸಿಲು ನೆತ್ತಿಯಿಂದ ಇಳಿದು ಕೆನ್ನೆಗೆ ಬರುತ್ತಿತ್ತು. ಗೇರುಮರದ ಪಕ್ಕದಲ್ಲಿ ಗಿರಿಜಕ್ಕ ಎಂಬವರ ಸೋಡಾ ಅಂಗಡಿ. ಎರಡು ಲಿಂಬೆ ಶರಬತ್ತು ಹೇಳಿ ನಿಂತೆವು. ಮದುವೆಮನೆಯಲ್ಲಿ ಹೆಂಗಸರಿಗೆಲ್ಲ ಕೊಟ್ಟ ಮಲ್ಲಿಗೆ ನನ್ನ ತಲೆಯಲ್ಲಿತ್ತು, ಹಣೆಯಲ್ಲಿ ಕುಂಕುಮ. ಧೂಳಿಗೆಂದು ಮುಖಕ್ಕೆ ಶಾಲು ಸುತ್ತಿಕೊಂಡಿದ್ದೆ. ಆಗ ಉಮ್ಮನ ಫೋನು ಬಂತು. ಸಮೀರ್ ಬ್ಯಾರಿ ಭಾಷೆಯಲ್ಲಿ, ಊಟ ಆಯ್ತು, ತಡವಾಗುತ್ತದೆ ಎಂದೇನೋ ಹೇಳಿ ಇಟ್ಟ.

ಅಷ್ಟೇ. ಒಂದು ತಲೆಯ ಮಲ್ಲಿಗೆ, ಒಂದು ಬಾಯಿಯ ಬ್ಯಾರಿ ಭಾಷೆ, ಒಂದು ಸ್ಕೂಟರು. ನಮ್ಮ ಕಡೆ ಇವು ಮೂರು ಒಟ್ಟಿಗೆ ಕಂಡರೆ ಸುದ್ದಿಯವರ ಬಳಿ ತಯಾರಾಗಿರುವ ಹೆಸರೊಂದಿದೆ: ಭಿನ್ನಕೋಮಿನ ಜೋಡಿ. ಕಾಲೇಜಿನಲ್ಲಿದ್ದಾಗ ಇಂಥ ಶೀರ್ಷಿಕೆಗಳನ್ನು ನಾನೇ ಕತ್ತರಿಸಿ ಅಂಟಿಸಿ ಪ್ರಾಜೆಕ್ಟ್ ಮಾಡಿದ್ದೆ. ಅದರೊಳಗೆ ನಿಂತು ನೋಡಿರಲಿಲ್ಲ.

ರಿಕ್ಷಾ ನಿಲ್ದಾಣದ ಕಡೆಯಿಂದ ಹಳದಿ ಟೀ-ಶರ್ಟಿನ ಒಬ್ಬ ಬಂದು ಸ್ಕೂಟರಿನ ಕೀ ತೆಗೆದುಕೊಂಡ. ತಮಾಷೆ ಎಂಬಂತೆ ಬೆರಳಲ್ಲಿ ತಿರುಗಿಸಿದ. ಅವನ ಹಿಂದೆ ಇನ್ನೊಬ್ಬ, ಆಮೇಲೆ ಬೈಕುಗಳು. ಎಲ್ಲರೂ ತುಳುವಿನಲ್ಲೇ ಮಾತಾಡಿದ್ದು, ಮನೆಯವರ ಹಾಗೆ.

"ಪುದರ್ ದಾದ?"

ಹೆಸರು ಕೇಳಿದ್ದು ಅವನನ್ನು. ವರ್ಷಗಳಿಂದ ಹೇಳಿ ಅಭ್ಯಾಸವಾದ ನಾಲಗೆ. "ಸಮೀರ್" ಎಂದ.

"ಇವಳದ್ದು?"

"ಹರಿಣಾಕ್ಷಿ" ಎಂದೆ.

"ಹೋ, ಹರಿಣಾಕ್ಷಿ! ಶಾಲು ತೆಗಿ ತಂಗಿ, ಮುಖ ನೋಡುವ. ನಮ್ಮ ಮನೆಯ ಹುಡುಗಿ ಹಾಗೆ ಉಂಟಲ್ಲ ಹೆಸರು." ಶಾಲು ತೆಗೆದೆ. ಹಳದಿ ಟೀ-ಶರ್ಟಿನವನು ನನ್ನ ಕಡೆ ಬಗ್ಗಿ, ಅಣ್ಣನಂತೆ, ಬಹಳ ಮೆಲ್ಲಗೆ ಕೇಳಿದ, "ಲವ್ವಾ?"

ಆ ಪ್ರಶ್ನೆಯನ್ನು ಇಷ್ಟು ವರ್ಷದಲ್ಲಿ ನಾನು ನನ್ನನ್ನು ಕೇಳಿಕೊಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಮೀರನ ಮುಖ ನೋಡಿದೆ. ಅವನು ಕೀಯನ್ನು ನೋಡುತ್ತಿದ್ದ.

"ಅಲ್ಲ" ಎಂದ ಅವನು. "ಕೆಲಸ. ಮದುವೆ ವಿಡಿಯೋದವರು ನಾವು."

"ಯಾರ ಮದುವೆ? ನಿಮ್ಮದಾ?" ಯಾರೋ ನಕ್ಕರು. ಇನ್ನಾರೋ ಅವನ ಕಾಲರಿಗೆ ಕೈ ಹಾಕಿದರು. ಮೇಲಿನ ಗುಂಡಿ ಹಾರಿ ಗೇರುಹಣ್ಣಿನ ನಡುವೆ ಬಿತ್ತು. ಎದೆಯನ್ನು ಬಿಗಿದು ಕಟ್ಟುವ ಬಟ್ಟೆಯನ್ನು ಅವನು ಅಂಗಿಯ ಒಳಗೆ ಧರಿಸುತ್ತಾನೆಂದು ಅಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ಆಗ ಅವನು ಹೇಳಿದ. "ಬಿಡಿ. ನಾನು ಹುಡುಗಿ."

ಗಲಾಟೆ ಇನ್ನೂ ಹೆಚ್ಚಿತು. "ಈಗ ಸಮೀರ್ ಅಂದೆಯಲ್ಲ!" "ಪೆಟ್ಟು ಬೀಳ್ತದೆ ಅಂತ ಹುಡುಗಿಯಾದನಾ?" ಹಿಂದಿನಿಂದ ಒಂದು ದನಿ, "ಗಂಡೋ ಹೆಣ್ಣೋ, ನೋಡಿಯೇ ಬಿಡುವ."

ಈಗಲೂ ನನ್ನನ್ನು ನಿದ್ದೆಯಿಂದ ಎಬ್ಬಿಸುವುದು ಆ ದನಿ. ಅದರಲ್ಲಿ ಸಿಟ್ಟು ಇರಲಿಲ್ಲ. ಹಲಸು ಹಣ್ಣಾಗಿದೆಯಾ ನೋಡುವ ಎನ್ನುವಷ್ಟೇ ಸಹಜವಾಗಿತ್ತು.

ಗಿರಿಜಕ್ಕ ಅಂಗಡಿಯ ಹಲಗೆಯನ್ನು ಎತ್ತಿ ಹೊರಗೆ ಬಂದರು. ಕೈಯಲ್ಲಿ ಲಿಂಬೆ ಕತ್ತರಿಸುವ ಚೂರಿ ಹಾಗೇ ಇತ್ತು. "ನಾಚಿಕೆ ಇಲ್ಲವಾ ನಿಮಗೆ? ಎಂಥದ್ದು ನೋಡುವುದು? ನನ್ನ ಅಂಗಡಿ ಎದುರು ಯಾರೂ ಏನೂ ನೋಡುವುದು ಬೇಡ. ಹೆತ್ತವಳಿಗೆ ಗೊತ್ತಿರುವುದಿಲ್ಲವಾ? ಅವಳಿಗೆ ಫೋನು ಮಾಡಿ ಕೇಳಿ."

ಸಮೀರನ ಫೋನಿನಿಂದಲೇ ಕರೆ ಹೋಯಿತು, ಸ್ಪೀಕರಿನಲ್ಲಿ. ಉಮ್ಮ ಎತ್ತಿದರು. ಹಳದಿ ಟೀ-ಶರ್ಟಿನವನು ತುಳುವಿನಲ್ಲಿ ಕೇಳಿದ, "ಈ ಫೋನಿನವರು ನಿಮಗೆ ಏನಾಗಬೇಕು?"

ಮನೆಯೊಳಗೆ ಬೇರೆ ಯಾರೂ ಇಲ್ಲದಾಗ ಉಮ್ಮ ಅವನನ್ನು 'ಮೋನೇ' ಎಂದು ಕರೆಯಲು ಶುರುಮಾಡಿ ಆಗ ಹೆಚ್ಚು ಕಾಲವಾಗಿರಲಿಲ್ಲ. ಮಗನೇ ಎಂದರ್ಥ. ಅದನ್ನು ಅವನು ನನಗೆ ಹೇಳುವಾಗ ಮುಖ ಆಚೆ ತಿರುಗಿಸಿಕೊಂಡಿದ್ದ. ಉಮ್ಮ ಏನು ಹೇಳಿಯಾರು ಎಂದು ನಾನು ಫೋನನ್ನೇ ನೋಡಿದೆ.

ಆ ಕಡೆ ಮಿಕ್ಸಿ ತಿರುಗುತ್ತಿತ್ತು. ಅದು ನಿಂತಿತು. "ನನ್ನ ಮಗಳು" ಎಂದರು, ಶುದ್ಧ ತುಳುವಿನಲ್ಲಿ. "ಯಾಕೆ ಮಗಾ, ಏನಾಯ್ತು?"

"ಸಮೀರ್ ಅಂತಾಳೆ?"

"ಅದು ನಾವು ತಮಾಷೆಗೆ ಕರೆಯುವುದು. ಗಂಡುಬೀರಿ ಅದು. ಬೈದು ಕಳಿಸಿ ಮನೆಗೆ."

ನಗು. ಕಟ್ಟೆ ಒಡೆದಂಥ ನಗು. ಕಾಲರಿನಲ್ಲಿದ್ದ ಕೈ ಹೆಗಲಿಗೆ ಬಂತು, ಆ ಹೆಗಲು ಹುಡುಗಿಯದೆಂದು ನೆನಪಾಗಿ ಥಟ್ಟನೆ ಹಿಂದೆ ಹೋಯಿತು. "ಛೆ, ಸಾರಿ ಅಕ್ಕ!" "ಆ ಕೂದಲು ನೋಡಿದರೆ ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ?" "ಗಿರಿಜಕ್ಕ, ಇವರ ಶರಬತ್ತು ನಮ್ಮ ಲೆಕ್ಕ." ಕೀ ವಾಪಸು ಬಂತು. ಅವರು ಒಳ್ಳೆಯವರೇ ಆಗಿಬಿಟ್ಟರು, ಅಷ್ಟು ಬೇಗ. ನಾವು ಜೋಡಿಯಲ್ಲ ಎಂದಾದ ಮೇಲೆ ನಮ್ಮ ಮೇಲೆ ಅವರಿಗೆ ಕೋಪ ಇರಲು ಕಾರಣವೇ ಇರಲಿಲ್ಲ.

"ಒಂದು ಸಣ್ಣ ವಿಡಿಯೋ ಮಾಡುವ" ಎಂದ ಹಳದಿ ಟೀ-ಶರ್ಟಿನವನು. "ಇಲ್ಲದಿದ್ದರೆ ನಾಳೆ ನಾವು ಹೊಡೆದೆವು ಅಂತ ಬರೀತಾರೆ. ಇಬ್ಬರೂ ನಿಂತು ಏನೂ ಆಗ್ಲಿಲ್ಲ ಅಂತ ಹೇಳಿ ಅಷ್ಟೇ." ಉಳಿದವರು ಒಬ್ಬನದ್ದು ಸಾಕೆಂದು ಫೋನು ಕಿಸೆಗೆ ಹಾಕಿದರು. ನಾನು ಅಂಗಡಿಯ ಹಲಗೆಯ ಪಕ್ಕ, ಸಮೀರನ ಹತ್ತಿರವೇ ನಿಂತಿದ್ದೆ. ಹಳದಿ ಟೀ-ಶರ್ಟಿನವನು ಫೋನು ಎತ್ತಿದ್ದೇ ತಡ, ಸಮೀರ್ ಕೈ ಅಡ್ಡ ಹಿಡಿದ.

"ಇಲ್ಲಿ ಬೇಡ. ಬೆಳಕು ಹಿಂದೆ ಉಂಟು. ಆಚೆ ಬನ್ನಿ, ಬಸ್‌ಸ್ಟ್ಯಾಂಡಿನ ಕಡೆ. ಇವಳು ಯಾಕೆ, ನಾನೊಬ್ಬಳು ಹೇಳಿದರೆ ಸಾಕಲ್ಲ."

ಅವರನ್ನೆಲ್ಲ ನಡೆಸಿಕೊಂಡು ಹೋಗಿ, ಫೋನು ಹಿಡಿದವನ ಭುಜ ಹಿಡಿದು ತಿರುಗಿಸಿ ನಿಲ್ಲಿಸಿದ. ಮೊದಲ ಸಲ ಲಾರಿಯ ಸದ್ದು ಬಂತೆಂದು ಮತ್ತೊಮ್ಮೆ ಹೇಳಿಸಿದರು. ಎರಡನೇ ಸಲವೂ ಹೇಳಿದ, ನಗುತ್ತ: ನಾನು ಹುಡುಗಿ, ಕೂದಲು ಸಣ್ಣ ಮಾಡಿದ್ದರಿಂದ ತಪ್ಪು ತಿಳಿದರು, ಅಣ್ಣಂದಿರದ್ದು ತಪ್ಪಿಲ್ಲ. ಹಳೆಯ ಹೆಸರನ್ನೂ ಹೇಳಿದ. ಸಮೀರ್ ಆದ ಮೇಲೆ ಆ ಹೆಸರು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಆಮೇಲೆ ದಾರಿಯಲ್ಲಿ ನನಗೆ ಸಿಟ್ಟು ಬಂತು. ಬೇರೆ ಯಾರ ಮೇಲೆ ತೋರಿಸಲಿ? "ಆ ಹೊತ್ತಿನಲ್ಲೂ ನಿನಗೆ ಬೆಳಕು ಬೇಕಿತ್ತಾ?" ಎಂದೆ. "ಕೆಟ್ಟ ವಿಡಿಯೋ ಆದರೆ ನನ್ನ ಮರ್ಯಾದೆ ಹೋಗ್ತದೆ" ಎಂದ. ಅದು ಜೋಕು. ಇಬ್ಬರೂ ನಗಲಿಲ್ಲ.

ಮದರಂಗಿಗೆ ಹೋದೆವು. ಹೋಗದೆ ಏನು ಮಾಡುವುದು, ಒಪ್ಪಿಕೊಂಡ ಕೆಲಸ. ಅವನು ಬುರ್ಖಾ ಹಾಕಿಕೊಂಡು ಹುಡುಗಿಯ ಕೈಗಳನ್ನು ತೆಗೆಯುತ್ತ ಇದ್ದ. ಕತ್ತಲಾಗುವ ಮೊದಲೇ ಒಳಕೋಣೆಯಲ್ಲಿ ಒಂದೊಂದೇ ಫೋನು ಟಿಂಗ್ ಎನ್ನತೊಡಗಿತು. ಹೆಂಗಸರು ಫೋನು ನೋಡುವರು, ಅವನನ್ನು ನೋಡುವರು, ಪಕ್ಕದವಳಿಗೆ ತೋರಿಸುವರು. ಮದುಮಗಳ ಮಾಮಿ ಬಂದು ಅವನ ಕೈಯನ್ನು ಕ್ಯಾಮೆರಾದಿಂದ ಬಿಡಿಸಿದರು. ಬಹಳ ಮೃದುವಾಗಿ, ಮಗಳೇ ಎಂದು ಕರೆದು ಬಿಡಿಸಿದರು. "ಪ್ಯಾಂಟು ಶರ್ಟು ಹಾಕಿ ಊರು ಸುತ್ತುವುದು ನಮಗೆ ಗೊತ್ತಿರಲಿಲ್ಲ ಮೋಳೇ. ಗಂಡಸರು ಕೇಳಿದರೆ ನಾವು ಏನು ಹೇಳುವುದು? ಊಟ ಮಾಡಿಕೊಂಡು ಹೋಗಿ." ನಮಗೆ ತುಪ್ಪದ ಅನ್ನ ಬಡಿಸಿದರು. ಅವನು ತಟ್ಟೆಯನ್ನು ಖಾಲಿ ಮಾಡಿಯೇ ಎದ್ದ.

ಆ ವಾರ ನಾನು ಓದಿದಷ್ಟು ಸುದ್ದಿಯನ್ನು ಕಾಲೇಜಿನ ಮೂರು ವರ್ಷದಲ್ಲೂ ಓದಿರಲಿಕ್ಕಿಲ್ಲ. ಒಂದು ವೆಬ್‌ಸೈಟು ಬರೆಯಿತು: 'ಜೋಡಿ ಎಂದು ತಡೆದರು, ಅಸಲಿಯತ್ತು ತಿಳಿದು ಬೆಪ್ಪಾದರು!' ನಗುವ ಹಳದಿ ಮುಖದ ಚಿತ್ರವೂ ಇತ್ತು. ಅದರ ಎದುರು ಪಕ್ಷದ ವೆಬ್‌ಸೈಟು ನಮ್ಮ ಪರವಾಗಿ ಬರೆಯಿತು: 'ಅಮಾಯಕ ಯುವತಿಯರಿಗೆ ಕಿರುಕುಳ.' ಆ ಬರಹ ಓದಿ ನನಗೆ ಅಳು ಬಂತು, ಯಾಕೆಂದರೆ ಅವರು ನಿಜಕ್ಕೂ ನಮಗಾಗಿ ಮರುಗಿದ್ದರು. ಸಾಲುಸಾಲಿಗೂ ಅವನನ್ನು ಯುವತಿ ಎಂದು ಕರೆದು ಮರುಗಿದ್ದರು. ಬೆಂಗಳೂರಿನ ಟಿವಿಯೊಂದು ನಾಲ್ಕು ಜನರನ್ನು ಚೌಕಗಳಲ್ಲಿ ಕೂರಿಸಿ, ಹೆಣ್ಣುಮಕ್ಕಳಿಗೆ ಗಂಡಿನ ಉಡುಪು ಯಾಕೆ ಎಂದು ಚರ್ಚೆ ನಡೆಸಿತು. ಹಿಂದೆ ಅವನ ಮುಖ ಮತ್ತೆ ಮತ್ತೆ ಬರುತ್ತಿತ್ತು, ಬಿಸಿಲಿಗೆ ಕಣ್ಣು ಸಣ್ಣದಾದ ಮುಖ. 'ಕಳ್ಳನೋಟ ನೋಡಿ' ಎಂದು ಯಾರೋ ಕೆಳಗೆ ಬರೆದಿದ್ದರು. ಸುದ್ದಿ ಬರೆಯುವವನು ಕೇಳಬೇಕಾದ ಮೊದಲ ಪ್ರಶ್ನೆ 'ಯಾರು' ಎಂದು ನಮಗೆ ಕಲಿಸಿದ್ದರು. ಎಲ್ಲಿ, ಯಾವಾಗ, ಹೇಗೆ, ಎಲ್ಲವನ್ನೂ ಎಲ್ಲರೂ ಸರಿಯಾಗಿ ಬರೆದರು. ಯಾರು ಎಂಬುದನ್ನು ಮಾತ್ರ ಒಬ್ಬರೂ ಕೇಳಲಿಲ್ಲ.

ಒಬ್ಬಾಕೆ ಕೇಳಿದಳು ಎನ್ನಬೇಕು. ನಮ್ಮ ಕೆಲಸದ ನಂಬರಿಗೆ ಫೋನು ಮಾಡಿದ ಬೆಂಗಳೂರಿನ ಪತ್ರಕರ್ತೆ, ಒಳ್ಳೆಯ ದನಿ. ವಿಡಿಯೋ ನೋಡಿಯೇ ಅವಳಿಗೆ ಅನುಮಾನ ಬಂದಿತ್ತು. "ಅವರ ನಿಜವಾದ ಕತೆಯನ್ನು ಗೌರವದಿಂದ ಬರೀತೀನಿ" ಎಂದಳು. ನಾನು ಸಮೀರನಿಗೆ ಹೇಳಿದೆ. ಮೂಡುಬಿದಿರೆಯಲ್ಲಿ ಕೆಲಸಕ್ಕೆಂದು ನಾವು ಹಿಡಿದ ಬಾಡಿಗೆ ಕೋಣೆಯಲ್ಲಿ ವಯರುಗಳನ್ನು ಸುತ್ತಿ ಇಡುತ್ತಿದ್ದವನು ತಲೆ ಎತ್ತದೆ ಹೇಳಿದ, "ಗೌರವದಿಂದಲೇ ಬರೀಬಹುದು. ಓದುವವರು ವಾಮದಪದವಿನವರೇ ಅಲ್ಲವಾ? ಅವತ್ತು ನಾನು ಹುಡುಗಿ ಅಂತ ಬಿಟ್ಟಿದ್ದಾರೆ, ಹರಿಣೀ."

ಬ್ಯಾರಿ ಮನೆಗಳ ಕೆಲಸ ನಿಂತಿತು. ಹಿಂದೂ ಕಡೆಯದ್ದು ನಿಲ್ಲಲಿಲ್ಲ, ಅದು ಇನ್ನೂ ಕಷ್ಟವಾಯಿತು. ಪೊಳಲಿಯ ಕಡೆಯ ಒಬ್ಬರು ಫೋನು ಮಾಡಿ, "ಹುಡುಗಿ ಅಂತ ಗೊತ್ತೇ ಇರಲಿಲ್ಲ, ಭಾರೀ ಖುಷಿಯಾಯ್ತು. ನಮ್ಮ ಮದುವೆಗೆ ಚಂದದ ಚೂಡಿದಾರ ಹಾಕಿಕೊಂಡು ಬರಲಿ" ಎಂದರು. ನಮ್ಮ ಕೋಣೆಯ ಮಾಲಕರೂ ಮೆಟ್ಟಿಲಲ್ಲಿ ಸಿಕ್ಕಿದಾಗ ಪ್ರೀತಿಯಿಂದ ಹಳೆಯ ಹೆಸರು ಹಿಡಿದೇ ಕೂಗಿದರು. ಆ ಊರಿನಲ್ಲಿ ಸಮೀರ್ ಎಂಬ ಬೋರ್ಡು ನೋಡಿ ಹಿಂದೆ ತಿರುಗದವರು ಇನ್ನು ಯಾರೂ ಉಳಿದಿರಲಿಲ್ಲ.

ಮೊದಲ ಮಳೆ ಬೀಳುವ ಮುಂಚೆ ಅವನು ಹೊರಟ. ಕೇರಳದ ಯಾವುದೋ ಊರು, ಪರಿಚಯದವರ ಸ್ಟುಡಿಯೋ. ಉಮ್ಮ ದಾರಿಗೆಂದು ಅಕ್ಕಿಹಿಟ್ಟಿನ ಪತ್ತಿರಿ ಕಟ್ಟಿಕೊಟ್ಟಿದ್ದರು. ಕಟ್ಟುವಾಗ ಅವನ ಮುಖ ನೋಡದೆ, "ಅವತ್ತು ಫೋನಿನಲ್ಲಿ ನಾನು ಹೇಳಿದ್ದು ಸುಳ್ಳು, ಮೋನೇ" ಎಂದರಂತೆ. ಮಂಗಳೂರಿನ ಸ್ಟೇಷನ್ನಿನಲ್ಲಿ ಅದನ್ನು ಹೇಳಿ ನಗಲು ನೋಡಿದ. ನಾನು ಅವನ ಚೀಲದ ಪಟ್ಟಿ ಹಿಡಿದುಕೊಂಡೆ. ರೈಲು ಹೊರಡುವವರೆಗೆ ಬಿಡಲಿಲ್ಲ.

ಈಗ ಎಂದಾದರೊಮ್ಮೆ ಅವನಿಂದ ಒಂದು ಚಿತ್ರ ಬರುತ್ತದೆ. ಗೋಡೆಯ ಮೇಲಿನ ಬಿಸಿಲು, ಒದ್ದೆ ಮೆಟ್ಟಿಲು, ಯಾರೂ ಇಲ್ಲದ ಬೆಂಚು. ಮನುಷ್ಯರು ಇರುವುದಿಲ್ಲ. ನಾನು ಬಂಟ್ವಾಳದಲ್ಲಿ ಒಂದು ಆಫೀಸಿನಲ್ಲಿದ್ದೇನೆ. ಸಮೀರನನ್ನು ಎಂದೂ ಭೇಟಿಯಾಗಿರದ ಮನೆಯವರಿಗೆ ಇವತ್ತಿನವರೆಗೂ ಆ ಸುದ್ದಿಯ 'ಗೆಳತಿ' ನಾನೆಂದು ತಿಳಿಯದು. ಅಮ್ಮ ಆ ಟಿವಿ ಚರ್ಚೆಯನ್ನು ನನ್ನ ಪಕ್ಕದಲ್ಲೇ ಕುಳಿತು ನೋಡಿ, "ಪಾಪ, ಯಾರ ಮಗಳೋ" ಎಂದಿದ್ದಳು. ತಿಳಿಯದೆ ಹೋದದ್ದು ನನ್ನ ಅದೃಷ್ಟ ಎಂದು ಅಂದುಕೊಂಡಿದ್ದೆ. ಹೇಳಿಕೊಳ್ಳಲು ಯಾರೂ ಇಲ್ಲದ ಅದೃಷ್ಟ.

ಕಳೆದ ವಾರ ಬಸ್ಸು ಬರಲು ತಡವಿತ್ತು. ಗಿರಿಜಕ್ಕನ ಅಂಗಡಿ ಅಲ್ಲೇ ಇದೆ. ಅವರಿಗೆ ನನ್ನ ಗುರುತು ಸಿಗಲಿಲ್ಲ. ಲಿಂಬೆ ಶರಬತ್ತು ಕೊಟ್ಟು, "ಎಂಥಾ ಬಿಸಿಲು, ನೆರಳಿಗೆ ನಿಲ್ಲಿ" ಎಂದರು. ಹಲಗೆಯ ಪಕ್ಕ ನಿಂತೆ. ಅದೇ ಹೊತ್ತು, ಅದೇ ಗೇರುಹಣ್ಣು. ಸೂರ್ಯ ಗೇರುಮರದ ಮರೆಯಲ್ಲಿದ್ದ. ಮರದ ಎಲೆಗಳಿಂದ ಸೋಸಿದ ಬೆಳಕು ಎಲ್ಲ ಕಡೆ ಒಂದೇ ಸಮ ಬಿದ್ದಿತ್ತು, ನನ್ನ ಕೈಯ ಮೇಲೂ, ಗಾಜಿನ ಲೋಟದ ಮೇಲೂ. ಯಾರ ಮುಖಕ್ಕೂ ಕತ್ತಲು ಬೀಳದ ಬೆಳಕು. ಇಂಥದ್ದು ಸಿಕ್ಕಿದರೆ ಸಮೀರ್ ಮದುಮಕ್ಕಳನ್ನು ಎಬ್ಬಿಸಿಕೊಂಡು ಓಡಿ ಬರುತ್ತಿದ್ದ.

ಬಸ್‌ಸ್ಟ್ಯಾಂಡಿನ ಕಡೆ ನೋಡಿದೆ. ಅಲ್ಲಿ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು. ಅಲ್ಲಿ ನಿಂತವರೆಲ್ಲ ಕಣ್ಣು ಸಣ್ಣ ಮಾಡಿಕೊಂಡಿದ್ದರು.

ಫೋನು ತೆಗೆದು ಆ ವಿಡಿಯೋ ನೋಡಿದೆ. ಎಷ್ಟು ಸಲ ನೋಡಿದ್ದೇನೋ, ಪ್ರತಿಸಲವೂ ಅವನ ಮುಖವನ್ನೇ ನೋಡಿದ್ದೆ. ಈಗ ಅಂಚುಗಳನ್ನು ನೋಡಿದೆ. ರಸ್ತೆ ಇದೆ, ಬೈಕುಗಳಿವೆ, ನಗುವ ಹುಡುಗರಿದ್ದಾರೆ. ಅಂಗಡಿ ಇಲ್ಲ. ಅಂಗಡಿಯ ಪಕ್ಕದಲ್ಲಿ, ಮಲ್ಲಿಗೆ ಮುಡಿದು, ಶಾಲು ತೆಗೆದು ನಿಂತವಳು ಎಲ್ಲೂ ಇಲ್ಲ. ಅವಳ ಮೊಣಕೈ ಕೂಡ ಇಲ್ಲ.

ಅವತ್ತೂ ಬೆಳಕು ಹಿಂದೆ ಇರಲಿಲ್ಲ.

ನನ್ನ ಬಸ್ಸು ಬಂದು ನಿಂತಿತು, ಹೋಯಿತು. ಅವನು ಯಾರ ಕಣ್ಣಿಗೂ ಬೀಳದ ಹಾಗೆ ನನ್ನನ್ನು ಬಿಟ್ಟುಹೋದ ಆ ಜಾಗದಲ್ಲಿ ನಾನು ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ.